ಬಿಗಿದಷ್ಟೂ ಸೋರುವ ಚೇಂಬರ್

ನಮ್ಮ ಎದುರು ಮನೆಯ ಅಮ್ಮನವರು ಬೆಳಗ್ಗೆ ಐದೂವರೆಗೆಲ್ಲ ಎದ್ದು ಬಾಗಿಲಿಗೆ ನೀರು ಹಾಕುತ್ತಾರೆ. ಮೊನ್ನೆ ಒಂದು ದಿನ ರಂಗೋಲಿ ಬಟ್ಟಲು ಹಿಡಿದುಕೊಂಡೇ ನಮ್ಮ ಗೇಟಿನ ಹತ್ತಿರ ಬಂದು, “ಮೇಷ್ಟ್ರೇ, ನಿನ್ನೆ ನಿಮ್ಮ ಮನೆಗೆ ಬಂದವರ ಕಾರು ನಮ್ಮ ಬಾಗಿಲಲ್ಲಿ ನಿಂತಿತ್ತಲ್ಲ, ಏನು ಮಾಡಿ ಹೋಗಿದೆ ಅಂತ ಸ್ವಲ್ಪ ಬಂದು ನೋಡಿ” ಎಂದರು. ಹೋಗಿ ನೋಡಿದೆ. ಸಿಮೆಂಟಿನ ಮೇಲೆ ಅಂಗೈಯಗಲ ಕಪ್ಪು ಕಲೆ. ನೀರು ಬಿದ್ದದ್ದರಿಂದ ಅದರ ಅಂಚಿನಲ್ಲಿ ಕಾಮನಬಿಲ್ಲು. ಸರಿಯಾಗಿ ಚುಕ್ಕಿ ಇಡುವ ಜಾಗದಲ್ಲೇ.

ಆ ಕಾರಿನವನು ನನ್ನ ಹಳೆಯ ಶಿಷ್ಯ. ಐಟಿಐಯಲ್ಲಿ ನನ್ನ ಹತ್ತಿರ ಮೋಟಾರ್ ಮೆಕ್ಯಾನಿಕ್ ಕಲಿತು, ಆಮೇಲೆ ಬ್ಯಾಂಕಿನ ಕೆಲಸಕ್ಕೆ ಹೋದವನು. ತಂದೆಯ ನೆನಪಿಗೆ ಅಂತ ಒಂದು ಮಾರುತಿ 800 ಇಟ್ಟುಕೊಂಡಿದ್ದಾನೆ. ಹಿಂದಿನ ವಾರವಷ್ಟೇ ಎಲ್ಲೋ ಅದರ ಚೇಂಬರ್ ಬಿಚ್ಚಿ ಕಟ್ಟಿಸಿದ್ದನಂತೆ. ಫೋನಿನಲ್ಲಿ ವಿಷಯ ಹೇಳಿದರೆ, “ಹೌದಾ ಸಾರ್? ಇನ್ನೊಂದು ಸುತ್ತು ಟೈಟ್ ಮಾಡಿಸಿಬಿಡ್ತೀನಿ” ಅಂದ. ಇವತ್ತಿನ ನನ್ನ ಮಾತೆಲ್ಲ ಆ ಇನ್ನೊಂದು ಸುತ್ತಿನ ಬಗ್ಗೆಯೇ.

ಚೇಂಬರ್ ಅಂದರೆ ಯಾವುದು? ಪುಸ್ತಕದಲ್ಲಿ ಅದರ ಹೆಸರು ಆಯಿಲ್ ಸಂಪ್. ನಮ್ಮ ಊರುಗಳಲ್ಲಿ ಸಂಪ್ ಎಂದರೆ ಮನೆ ಮುಂದಿನ ನೀರಿನ ತೊಟ್ಟಿ. ಅದಕ್ಕೇ ಏನೋ, ಗ್ಯಾರೇಜಿನಲ್ಲಿ ಯಾರೂ ಆ ಹೆಸರು ಹೇಳುವುದಿಲ್ಲ. ಆದರೆ ಕೆಲಸ ಎರಡರದೂ ಒಂದೇ. ಮನೆಯ ಸಂಪಿನಿಂದ ಮೋಟರು ನೀರೆತ್ತುವ ಹಾಗೆ, ಎಂಜಿನ್ನಿನ ಹೊಟ್ಟೆಗೆ ಕಟ್ಟಿರುವ ಈ ತಗಡಿನ ತೊಟ್ಟಿಯಿಂದ ಆಯಿಲ್ ಪಂಪು ಎಣ್ಣೆ ಎತ್ತಿ ಬೇರಿಂಗುಗಳಿಗೂ ತಲೆಯ ಮೇಲಿನ ವಾಲ್ವುಗಳಿಗೂ ಕಳಿಸುತ್ತದೆ. ದುಡಿದು ಬಿಸಿಯಾದ ಎಣ್ಣೆ ಮತ್ತೆ ಇಲ್ಲಿಗೇ ಇಳಿದು ತಣ್ಣಗಾಗುತ್ತದೆ. ಮಾರುತಿ 800ರಲ್ಲಿ ಸುಮಾರು ಮೂರು ಲೀಟರ್, ಅಂಬಾಸಿಡರಿನಲ್ಲಿ ನಾಲ್ಕರ ಆಸುಪಾಸು.

ಇಲ್ಲಿ ಬಹಳ ಜನ ಗಮನಿಸದ ಒಂದು ಸಂಗತಿ ಇದೆ. ಎಣ್ಣೆಗೆ ಒತ್ತಡ ಇರುವುದು ಪಂಪಿನಿಂದ ಮುಂದೆ, ಬ್ಲಾಕಿನೊಳಗಿನ ಕೊಳವೆಗಳಲ್ಲಿ. ಚೇಂಬರಿನಲ್ಲಿ ಅದು ಸುಮ್ಮನೆ ಕೂತಿರುತ್ತದೆ. ಬಹುತೇಕ ಎಂಜಿನ್ನುಗಳಲ್ಲಿ ಎಣ್ಣೆಯ ಮಟ್ಟ ಚೇಂಬರಿನ ಅಂಚಿಗಿಂತ ಕೆಳಗೇ ಇರುತ್ತದೆ. ಆ ಅಂಚಿನ ಜೋಡಣೆಗೆ ತಾಗುವುದು ಕ್ರ್ಯಾಂಕು ಎರಚುವ ಎಣ್ಣೆ, ಬ್ಲಾಕಿನ ಗೋಡೆಯಿಂದ ಜಾರಿ ಇಳಿಯುವ ಎಣ್ಣೆ, ಅಷ್ಟೇ. ಅದನ್ನು ತಡೆಯಲು ಬಲ ಬೇಕಾಗಿಲ್ಲ. ಅಂಚಿನ ಉದ್ದಕ್ಕೂ ಎಲ್ಲ ಕಡೆ ಒಂದೇ ಸಮನಾಗಿ ತಾಗಿದ್ದರೆ ಸಾಕು. ಸಿಲಿಂಡರ್ ಹೆಡ್ಡಿಗೂ ಚೇಂಬರಿಗೂ ಇರುವ ವ್ಯತ್ಯಾಸ ಇದು. ಹೆಡ್ಡನ್ನು ಬಿಗಿಯುವ ಕೈಯನ್ನು ತಂದು ಚೇಂಬರಿಗೆ ಹಾಕಿದವರೆಲ್ಲ ಕೆಟ್ಟಿದ್ದಾರೆ.

ಕೆಟ್ಟವರಲ್ಲಿ ನಾನೂ ಒಬ್ಬ. 1978ರಲ್ಲಿ ನನಗೆ ಹತ್ತೊಂಬತ್ತು. ಮೈಸೂರಿನ ಒಂದು ಗ್ಯಾರೇಜಿನಲ್ಲಿ ಉಸ್ತಾದರ ಕೈಕೆಳಗೆ ಇದ್ದೆ. ಒಂದು ಅಂಬಾಸಿಡರ್ ಟ್ಯಾಕ್ಸಿಯ ಬಿಗ್ ಎಂಡ್ ಬೇರಿಂಗ್ ಕೆಲಸ ಮುಗಿಸಿ, ಚೇಂಬರ್ ಕಟ್ಟುವುದನ್ನು ನನಗೆ ಬಿಟ್ಟು ಅವರು ನಮಾಜಿಗೆ ಹೋದರು. ಬ್ಲಾಕಿಗೂ ಚೇಂಬರಿಗೂ ನಡುವೆ ಕಾರ್ಕ್ ಪ್ಯಾಕಿಂಗ್ ಇಟ್ಟೆ, ಬೋಲ್ಟು ಹಾಕಿದೆ, ಕೈಯಲ್ಲಿ ಶಕ್ತಿ ಇರುವಷ್ಟು ಬಿಗಿದೆ. ಎಂಜಿನ್ ಬಿಸಿಯಾಗುತ್ತಿದ್ದಂತೆ ಅಂಚಿನಲ್ಲಿ ಎಣ್ಣೆ ಕಾಣಿಸಿತು. ಇನ್ನೊಂದು ಸುತ್ತು ಬಿಗಿದೆ. ಜಾಸ್ತಿ ಬಂತು. ಉದ್ದ ಹಿಡಿಯ ಪಾನಾ ತಂದು ಮತ್ತೊಂದು ಸುತ್ತು. ಈಗ ಧಾರೆ.

ಉಸ್ತಾದರು ಬಂದು ನೋಡಿದರು, ಬೈಯಲಿಲ್ಲ. ಎಣ್ಣೆ ಇಳಿಸಿ ಚೇಂಬರ್ ಬಿಚ್ಚಿಸಿದರು. ಅದನ್ನು ಬೆಂಚಿನ ಮೇಲೆ ಬಾಯಿ ಮೇಲಾಗಿ ಇಟ್ಟು, ಅಂಚಿನ ಮೇಲೆ ಉಕ್ಕಿನ ಸ್ಕೇಲನ್ನು ನಿಲ್ಲಿಸಿ, ಲೈಟು ಆರಿಸಿ, ಆ ಕಡೆಯಿಂದ ಟಾರ್ಚು ಬಿಟ್ಟರು. ಸ್ಕೇಲಿನ ಕೆಳಗೆ ಬೆಳಕು ತುಂಡು ತುಂಡಾಗಿ ಕಾಣಿಸಿತು: ಒಂದು ಬೋಲ್ಟಿನ ತೂತಿನಿಂದ ಇನ್ನೊಂದರವರೆಗೆ ಒಂದು ಉದ್ದ ಗೀಟು, ತೂತಿನ ಹತ್ತಿರ ಕತ್ತಲೆ, ಮತ್ತೆ ಗೀಟು. ಪ್ರತಿ ತೂತಿನ ಸುತ್ತ ತಗಡು ಮೇಲಕ್ಕೆ ಉಬ್ಬಿತ್ತು. ಬೋಲ್ಟು ಎಳೆದ ಕಡೆಯಲ್ಲೆಲ್ಲ ತಗಡು ಬ್ಲಾಕಿನತ್ತ ಬಾಗಿ ಅಲ್ಲಲ್ಲೇ ಕಚ್ಚಿಕೊಂಡಿದೆ. ನಡುವಿನ ತಗಡು ಪ್ಯಾಕಿಂಗನ್ನು ಒತ್ತುತ್ತಲೇ ಇಲ್ಲ. ನಾನು ಬಿಗಿದಷ್ಟೂ ಆ ಬೆಳಕಿನ ಗೀಟು ದಪ್ಪವಾಗುತ್ತಾ ಹೋಗಿತ್ತು.

“ಎಷ್ಟು ಉಬ್ಬು ಇವೆ, ಎಣಿಸು ಬೇಟಾ” ಅಂದರು.

ಎಣಿಸಿದೆ. “ಹದಿನೇಳು, ಉಸ್ತಾದ್.”

“ಹದಿನೇಳೂ ನಿಂದೇ. ಕೂತ್ಕೊಂಡು ಬಡಿ.”

ಗ್ಯಾರೇಜಿನ ಮೂಲೆಯಲ್ಲಿ ರೈಲು ಹಳಿಯ ಒಂದು ತುಂಡು ಬಿದ್ದಿರುತ್ತಿತ್ತು, ಅದೇ ನಮ್ಮ ಅಡಿಗಲ್ಲು. ಚೇಂಬರಿನ ಅಂಚನ್ನು ಅದರ ನುಣುಪು ತಲೆಯ ಮೇಲೆ ಮಲಗಿಸಿ, ಉಬ್ಬಿದ ತೂತಿನ ಮೇಲೆ ಗುಂಡು ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟುತ್ತಾ ಹೋಗಬೇಕು. ಜೋರಾಗಿ ಬಡಿದರೆ ತಗಡು ಹಿಗ್ಗಿ ಅಂಚು ಅಲೆ ಅಲೆಯಾಗುತ್ತದೆ, ಅದು ಉಬ್ಬಿಗಿಂತ ಕೆಟ್ಟದ್ದು. ತಟ್ಟು, ಸ್ಕೇಲಿಟ್ಟು ನೋಡು, ಮತ್ತೆ ತಟ್ಟು. ಸಂಜೆಯಾಯಿತು. ಟ್ಯಾಕ್ಸಿಯವನು ಎರಡು ಸಲ ಬಂದು ಗೊಣಗಿ ಹೋದ. ಎಲ್ಲ ಮುಗಿದ ಮೇಲೆ ಉಸ್ತಾದರು ತಮ್ಮ ಪೆಟ್ಟಿಗೆಯಿಂದ 7/16ರ ಒಂದು ಸ್ಪ್ಯಾನರ್ ತೆಗೆದುಕೊಟ್ಟರು. ಹಿಡಿಯನ್ನು ಗರಗಸದಲ್ಲಿ ಅರ್ಧಕ್ಕೆ ಕೊಯ್ದಿದ್ದರು. ಚೇಂಬರಿಗೆ ಮಾತ್ರ ಅದು. ಎಷ್ಟೇ ಒತ್ತಿದರೂ ಆ ಗೇಣುದ್ದವೂ ಇಲ್ಲದ ಹಿಡಿಯಲ್ಲಿ ತಗಡು ಕೆಡಿಸುವಷ್ಟು ಬಲ ಬರುತ್ತಿರಲಿಲ್ಲ.

ಆ ಬಲಕ್ಕೆ ಲೆಕ್ಕವೂ ಇದೆ. ಆ ಕಾಲದ ಅಂಬಾಸಿಡರಿನ ಪೆಟ್ರೋಲ್ ಎಂಜಿನ್ ಇಂಗ್ಲೆಂಡಿನ ಬಿಎಂಸಿ ಕಂಪನಿಯ ಬಿ-ಸೀರೀಸ್, 1489 ಸಿಸಿಯದು. ಆ ಎಂಜಿನ್ ವಂಶದ ಚೇಂಬರ್ ಬೋಲ್ಟಿಗೆ ಹೇಳಿರುವ ಬಿಗಿತ 6 ಅಡಿ-ಪೌಂಡು. ಮಾರುತಿಯಂಥ ಗಾಡಿಗಳಲ್ಲಿ 6 ಮಿಲಿಮೀಟರಿನ ಬೋಲ್ಟು, ಹತ್ತರ ಸ್ಪ್ಯಾನರ್, ಸುಮಾರು 10 ನ್ಯೂಟನ್ ಮೀಟರ್. ಟಾರ್ಕ್ ರಿಂಚ್ ಇಲ್ಲದಿದ್ದರೆ ಹೀಗೆ ಅಂದುಕೊಳ್ಳಿ: ಹದಿನೈದು ಸೆಂಟಿಮೀಟರ್ ಉದ್ದದ ಸ್ಪ್ಯಾನರಿನ ತುದಿಗೆ ಆರೇಳು ಕಿಲೋ ಭಾರ ತೂಗಿಬಿಟ್ಟ ಹಾಗೆ. ಮುಷ್ಟಿ ಕಟ್ಟಿ ಹಿಡಿಯಬೇಡಿ, ಎರಡು ಬೆರಳು ಒಂದು ಹೆಬ್ಬೆರಳು ಸಾಕು. ಅದೇ ಗಾಡಿಯ ಚಕ್ರದ ನಟ್ಟಿಗೆ ಇದರ ಏಳೆಂಟು ಪಟ್ಟು ಬೇಕು; ಕೈಗೆ ಅಭ್ಯಾಸ ಆಗಿರುವುದು ಆ ನಟ್ಟಿನದು, ಅದೇ ತೊಂದರೆ.

ಬಿಚ್ಚುವ ಮೊದಲು, ಸೋರುತ್ತಿರುವುದು ಚೇಂಬರೇ ಹೌದೋ ಎಂದು ನೋಡಿಕೊಳ್ಳಬೇಕು. ಎಣ್ಣೆ ಇಳಿಯುವುದು ಕೆಳಕ್ಕೆ, ಮೇಲೆ ಎಲ್ಲಿ ಸೋರಿದರೂ ಕೊನೆಗೆ ತೊಟ್ಟಿಕ್ಕುವುದು ಚೇಂಬರಿನ ಮೂಲೆಯಿಂದಲೇ. ಟ್ಯಾಪೆಟ್ ಕವರಿನ ಪ್ಯಾಕಿಂಗ್ ಹೋಗಿದ್ದರೂ, ಆಯಿಲ್ ಫಿಲ್ಟರು ಸಡಿಲವಾಗಿದ್ದರೂ, ಪ್ರೆಷರ್ ಸ್ವಿಚ್ಚು ಜಿನುಗುತ್ತಿದ್ದರೂ ಅಪವಾದ ಚೇಂಬರಿಗೆ. ಎಂಜಿನ್ನನ್ನು ಸೀಮೆಎಣ್ಣೆಯಲ್ಲಿ ತೊಳೆದು ಒರೆಸಿ, ಒಣಗಿದ ಮೇಲೆ ಮುಖಕ್ಕೆ ಹಾಕುವ ಪೌಡರನ್ನೇ ಅಂಚಿನ ಸುತ್ತ ಉದುರಿಸಿ, ಒಂದರ್ಧ ಗಂಟೆ ಓಡಿಸಿ ಬಂದು ನೋಡಿ. ಎಣ್ಣೆ ನಡೆದ ದಾರಿ ಕಪ್ಪು ಗೆರೆಯಾಗಿ ಬರೆದುಕೊಂಡಿರುತ್ತದೆ.

ಅಂಬಾಸಿಡರಿನ ಮಾತು ಬಂದಾಗ ಅದರ ಹಿಂಭಾಗದ ವಿಷಯವನ್ನೂ ಹೇಳಿಬಿಡಬೇಕು. ಆ ಬಿ-ಸೀರೀಸ್ ಎಂಜಿನ್ನಿನ ಕ್ರ್ಯಾಂಕಿನ ಹಿಂದಿನ ತುದಿಗೆ ಈಗಿನ ಗಾಡಿಗಳ ಹಾಗೆ ರಬ್ಬರ್ ತುಟಿಯ ಆಯಿಲ್ ಸೀಲ್ ಇರಲಿಲ್ಲ. ಸ್ಕ್ರೂವಿನ ಹಾಗೆ ಸುರುಳಿ ಕಾಡಿ ಕೊರೆದಿದ್ದರು. ಕ್ರ್ಯಾಂಕು ತಿರುಗುತ್ತಿರುವವರೆಗೆ ಆ ಸುರುಳಿ ಎಣ್ಣೆಯನ್ನು ಒಳಕ್ಕೆ ತಳ್ಳುತ್ತಿರುತ್ತದೆ. ಎಂಜಿನ್ ನಿಂತಿತೋ, ತಳ್ಳುವವರು ಯಾರೂ ಇಲ್ಲ. ಗಾಡಿಯನ್ನು ಹಿಂದಕ್ಕೆ ಇಳಿಜಾರಾಗಿ ನಿಲ್ಲಿಸಿದರೆ ನಾಲ್ಕು ತೊಟ್ಟು ಬಿದ್ದೇ ಬೀಳುತ್ತದೆ. ಇದಕ್ಕೆ ಚೇಂಬರ್ ಪ್ಯಾಕಿಂಗ್ ಹತ್ತು ಸಲ ಬದಲಾಯಿಸಿದವರನ್ನು ಕಂಡಿದ್ದೇನೆ. 2014ರಲ್ಲಿ ಅಂಬಾಸಿಡರ್ ತಯಾರಿಕೆ ನಿಂತಿತು. ಉಳಿದಿರುವ ಹಳೆಯ ಪೆಟ್ರೋಲ್ ಗಾಡಿಗಳು ಈಗಲೂ ನಿಂತಲ್ಲಿ ಸಹಿ ಹಾಕಿಯೇ ಹೊರಡುತ್ತವೆ.

ಸೋರುವುದಕ್ಕೆ ಇನ್ನೊಂದು ಕಾರಣ, ಅಡುಗೆಮನೆಯವರಿಗೆ ಬೇಗ ಅರ್ಥವಾಗುವಂಥದ್ದು. ಕುಕ್ಕರಿನ ವೆಯ್ಟು ಕಟ್ಟಿಕೊಂಡರೆ ಹಬೆ ಗ್ಯಾಸ್ಕೆಟ್ಟಿನ ಪಕ್ಕದಿಂದ ಹೊರಡುತ್ತದೆ, ಅಲ್ಲವೇ? ಪಿಸ್ಟನ್ ರಿಂಗಿನ ಸಂದಿಯಿಂದ ಸ್ವಲ್ಪ ಹೊಗೆ ಯಾವಾಗಲೂ ಎಂಜಿನ್ನಿನ ಕೆಳಹೊಟ್ಟೆಗೆ ಇಳಿಯುತ್ತದೆ. ಅದು ಹೊರಗೆ ಹೋಗಲು ಬ್ರೀದರ್ ಕೊಳವೆ ಇದೆ. ಆ ಕೊಳವೆಯಲ್ಲಿ ಮಸಿ ಕಟ್ಟಿದರೆ ಒಳಗೆ ಒತ್ತಡ ಏರಿ, ಎಷ್ಟು ಚೆನ್ನಾಗಿ ಕಟ್ಟಿದ ಚೇಂಬರಾದರೂ ಎಣ್ಣೆ ಉಗುಳುತ್ತದೆ. ಬ್ರೀದರ್ ಬಿಚ್ಚಿ ಊದಿ ನೋಡಲು ಐದು ನಿಮಿಷ ಸಾಕು.

ಈಗ ಶಿಷ್ಯನ ಮಾರುತಿಗೆ ಬರೋಣ. ಭಾನುವಾರ ಗಾಡಿ ತಂದ. ಮುಂಭಾಗ ಎತ್ತಿ, ಜಾಕಿನ ಜೊತೆ ಎರಡು ಗಟ್ಟಿ ಸ್ಟ್ಯಾಂಡ್ ಕೊಟ್ಟೆವು. ಬರೀ ಜಾಕಿನ ಮೇಲೆ ನಿಂತ ಗಾಡಿಯ ಕೆಳಗೆ ತಲೆ ಹಾಕಬೇಡಿ, ಎರಡೇ ನಿಮಿಷದ ಕೆಲಸ ಇದ್ದರೂ. ಎಣ್ಣೆ ಇಳಿಸಿ, ಬೋಲ್ಟೆಲ್ಲ ತೆಗೆದು, ರಬ್ಬರ್ ಸುತ್ತಿಗೆಯಲ್ಲಿ ಪಕ್ಕಕ್ಕೆ ತಟ್ಟಿದೆ. ಕಾರ್ಕಿನ ಬದಲು ಸಿಲಿಕಾನಿನಿಂದ ಅಂಟಿಸಿದ ಚೇಂಬರ್ ಸುಲಭವಾಗಿ ಬಿಡುವುದಿಲ್ಲ. ತೆಳು ಬ್ಲೇಡನ್ನು ಸಂದಿಗೆ ಇಳಿಸಿ ಸುತ್ತ ಬರಬೇಕು, ಸ್ಕ್ರೂಡ್ರೈವರ್ ತುರುಕಿ ಮೀಟಿದರೆ ಅಂಚಿನಲ್ಲಿ ಗಾಯ. ಇದು ಅಷ್ಟೆಲ್ಲ ಕಷ್ಟ ಕೊಡಲೇ ಇಲ್ಲ. ಪಟ್ಟೆಂದು ಕೈಗೆ ಬಂತು.

ಯಾಕೆ ಅಂತ ನೋಡಿದರೆ, ಬ್ಲಾಕಿನ ಕಡೆ ಸಿಲಿಕಾನು ಹಿಡಿದೇ ಇರಲಿಲ್ಲ. ಒಂದು ತುದಿ ಹಿಡಿದೆಳೆದೆ. ಲಾಡಿಯ ಹಾಗೆ, ಎಲ್ಲೂ ಹರಿಯದೆ ಮೊಳದುದ್ದ ಬಂತು. ಅದರ ಬೆನ್ನ ಮೇಲೆ ಎಣ್ಣೆ ಮಿಂಚುತ್ತಿತ್ತು. ಕಟ್ಟಿದವನು ಬ್ಲಾಕನ್ನು ಒರೆಸಿರಲಿಲ್ಲ ಅಂತಲ್ಲ. ಒರೆಸಿದ್ದಾನೆ, ಕಾದಿಲ್ಲ. ಚೇಂಬರ್ ಬಿಚ್ಚಿದ ಮೇಲೂ ಕ್ರ್ಯಾಂಕಿನಿಂದ, ಸಿಲಿಂಡರಿನ ಗೋಡೆಯಿಂದ ಎಣ್ಣೆ ಇಳಿಯುತ್ತಲೇ ಇರುತ್ತದೆ, ಗಂಟೆಗಟ್ಟಲೆ. ಒರೆಸಿ ಟ್ಯೂಬು ಕೈಗೆತ್ತಿಕೊಳ್ಳುವಷ್ಟರಲ್ಲಿ ಅಂಚಿನ ಮೇಲೆ ಮತ್ತೆ ತೆಳ್ಳಗೆ ಎಣ್ಣೆ. ಬೆರಳಿಗೂ ಗೊತ್ತಾಗದಷ್ಟು ತೆಳ್ಳಗೆ.

ನಾವು ರಾತ್ರಿಯಿಡೀ ಹಾಗೇ ಬಿಟ್ಟೆವು. ಕೆಳಗೆ ಅಗಲ ಟ್ರೇ, ಸುತ್ತ ಹಳೇ ಬೆಡ್‌ಶೀಟಿನ ಮರೆ. ಅವನು ಸೋಮವಾರಕ್ಕೆ ರಜೆ ಹಾಕಿದ, ಸ್ವಲ್ಪ ಮುಖ ಸಣ್ಣ ಮಾಡಿಕೊಂಡೇ. ಬೆಳಗ್ಗೆ ಹಳೆಯ ಸಿಲಿಕಾನನ್ನು ಪ್ಲಾಸ್ಟಿಕ್ ಪಟ್ಟಿಯಲ್ಲಿ ಕೆರೆದು ತೆಗೆದೆವು. ಎಮರಿ ಪೇಪರ್ ಹಾಕಲಿಲ್ಲ; ಅದರ ಪುಡಿ ಮೇಲಕ್ಕೆ ಹೋಗಿ ಬೇರಿಂಗಿನಲ್ಲಿ ಕೂತರೆ ಚೇಂಬರ್ ಸೋರುವುದೇ ವಾಸಿ ಅನ್ನಿಸಿಬಿಡುತ್ತದೆ. ಬೋಲ್ಟಿನ ತೂತುಗಳೊಳಗೆ ನಿಂತ ಎಣ್ಣೆಯನ್ನು ಬಟ್ಟೆ ಸುತ್ತಿದ ಕಡ್ಡಿಯಲ್ಲಿ ತೆಗೆಯಬೇಕು. ಇದನ್ನು ಹತ್ತರಲ್ಲಿ ಒಂಬತ್ತು ಜನ ಮಾಡುವುದಿಲ್ಲ. ತೂತಿನ ತಳದಲ್ಲಿ ಎಣ್ಣೆ ನಿಂತಿದ್ದರೆ ಬೋಲ್ಟು ಒಳಗೆ ಹೋಗುವಾಗ ಅದನ್ನು ಹೊರಕ್ಕೆ ಹಿಂಡುತ್ತದೆ, ನೇರವಾಗಿ ಹಸಿ ಸಿಲಿಕಾನಿನ ಮೇಲಕ್ಕೆ. ಕೊನೆಗೆ ಶುಭ್ರ ಬಿಳಿ ಬಟ್ಟೆಗೆ ಥಿನ್ನರ್ ಹಾಕಿ ಒರೆಸಿದೆವು. ಬನಿಯನ್ ವೇಸ್ಟು ಬೇಡ, ನೂಲು ಬಿಡುತ್ತದೆ. ಬಟ್ಟೆ ಬಿಳಿಯಾಗಿಯೇ ಉಳಿಯುವವರೆಗೆ ಒರೆಸಬೇಕು.

ಹಳೆಯ ಗಾಡಿಗೆ ಕಾರ್ಕ್ ಪ್ಯಾಕಿಂಗ್ ಹಾಕುವವರಿಗೆ ಒಂದು ಮಾತು. ಕಾರ್ಕ್ ಮರದ ತೊಗಟೆ. ರಬ್ಬರನ್ನು ಒತ್ತಿದರೆ ಪಕ್ಕಕ್ಕೆ ಹರಿಯುತ್ತದೆ. ಕಾರ್ಕನ್ನು ಒತ್ತಿದರೆ ತನ್ನೊಳಗೇ ಕುಗ್ಗುತ್ತದೆ, ಅದಕ್ಕೇ ಬಾಟಲಿಗೂ ಚೇಂಬರಿಗೂ ಆಗಿಬಂತು. ಆದರೆ ಬಿಡಿಭಾಗದ ಅಂಗಡಿಯ ಅಟ್ಟದಲ್ಲಿ ವರ್ಷಗಟ್ಟಲೆ ತೂಗಾಡಿದ ಪ್ಯಾಕಿಂಗ್ ಒಣಗಿ ಗಿಡ್ಡವಾಗಿರುತ್ತದೆ, ತೂತಿಗೆ ತೂತು ಕೂಡುವುದಿಲ್ಲ. ಎಳೆದು ಕೂಡಿಸಲು ಹೋಗಿ ಹರಿಯಬೇಡಿ. ಉಗುರುಬೆಚ್ಚಗಿನ ನೀರಿನಲ್ಲಿ ಸ್ವಲ್ಪ ಹೊತ್ತು ಬಿಡಿ, ಅಳತೆಗೆ ಬರುತ್ತದೆ. ತೇವ ಒರೆಸಿ ಹಾಕಿ. ಅಂಬಾಸಿಡರಿನಲ್ಲಿ ಮುಂದೆ ಹಿಂದೆ ಬೇರಿಂಗ್ ಕ್ಯಾಪಿನ ಕೆಳಗೆ ಅರ್ಧಚಂದ್ರದಂಥ ಕಾಡಿಯಲ್ಲಿ ಬೇರೆ ಕಾರ್ಕ್ ತುಂಡುಗಳು ಕೂರುತ್ತವೆ. ಅವುಗಳ ತುದಿ ಪಕ್ಕದ ಪ್ಯಾಕಿಂಗಿಗಿಂತ ಅರ್ಧ ನೂಲು ಮೇಲೆದ್ದಿರಲಿ, ಸಮಕ್ಕೆ ಕತ್ತರಿಸಿದರೆ ಕುಗ್ಗಿದ ಮೇಲೆ ಸಂದಿ ಬೀಳುತ್ತದೆ. ಎರಡು ತುಂಡು ಕೂಡುವ ನಾಲ್ಕು ಮೂಲೆಗೆ ಮಾತ್ರ ಒಂದೊಂದು ಬೊಟ್ಟು ಸಿಲಿಕಾನ್. ಈಗಿನ ಗಾಡಿಗಳಲ್ಲೂ ಅದೇ: ಬ್ಲಾಕಿಗೆ ಮುಂದಿನ ಕವರು, ಹಿಂದಿನ ಸೀಲಿನ ಮನೆ ಬಂದು ಸೇರುವ ಗೆರೆಗಳು ಚೇಂಬರಿನ ಅಂಚನ್ನು ದಾಟುತ್ತವಲ್ಲ, ಮೊದಲು ಸೋರುವುದು ಆ ಮೂರು ದಾರಿ ಕೂಡುವ ಜಾಗದಲ್ಲೇ.

ಸಿಲಿಕಾನ್ ಹಾಕುವುದನ್ನು ಮೆಹೆಂದಿ ಕೋನ್ ಹಿಡಿದ ಹೆಣ್ಣುಮಕ್ಕಳಿಗೆ ಕಲಿಸಬೇಕಾಗಿಲ್ಲ. ಮೂರು ಮಿಲಿಮೀಟರಿನ ಒಂದೇ ಎಳೆ, ಎಲ್ಲೂ ಕಡಿಯದ ಹಾಗೆ, ಬೋಲ್ಟಿನ ತೂತು ಬಂದಾಗ ಅದರ ಒಳಪಕ್ಕದಿಂದ ಬಳಸಿಕೊಂಡು. ಬಚ್ಚಲಿನ ಸಿಂಕಿಗೆ ಹಾಕುವ, ವಿನೆಗರ್ ವಾಸನೆಯ ಸಿಲಿಕಾನ್ ಬೇಡ, ಅದು ಎಣ್ಣೆಗೆ ತಡೆಯುವುದಿಲ್ಲ. ಎಂಜಿನ್ನಿಗೆ ಅಂತಲೇ ಬರುವ ಆರ್‌ಟಿವಿ ತನ್ನಿ. ಜಾಸ್ತಿ ಹಾಕಿದರೆ ಜಾಸ್ತಿ ಭದ್ರ ಅಂದುಕೊಳ್ಳುವವರಿಗೆ ನಾನು ಕಂಡದ್ದನ್ನು ಹೇಳುತ್ತೇನೆ. ಒಂದು ವ್ಯಾನು ಆಯಿಲ್ ದೀಪ ಕೆಂಪಗೆ ಉರಿಸಿಕೊಂಡು ನಮ್ಮ ಐಟಿಐಗೆ ಬಂತು. ಬಿಚ್ಚಿದರೆ ಸ್ಟ್ರೈನರಿನ ಜಾಲರಿಯ ಮೇಲೆ ಸಿಲಿಕಾನಿನ ಎಳೆಗಳು, ಶಾವಿಗೆ ಬಸಿದಿಟ್ಟ ಹಾಗೆ. ಹೊರಕ್ಕೆ ಹಿಂಡಿದಷ್ಟೇ ಒಳಕ್ಕೂ ಹಿಂಡಿರುತ್ತದಲ್ಲ, ಒಳಗಿನದು ಕಳಚಿ ಬಿದ್ದು ಪಂಪಿನ ಬಾಯಿ ಮುಚ್ಚಿತ್ತು. ಬೇರಿಂಗುಗಳು ಹೋಗಿದ್ದವು. ಒಂದು ತೊಟ್ಟು ಸೋರಬಾರದು ಅಂತ ಮಾಡಿದ ಕೆಲಸ.

ಚೇಂಬರನ್ನು ಪಕ್ಕಕ್ಕೆ ಜಾರಿಸದೆ ನೇರ ಮೇಲಕ್ಕೆ ಇಟ್ಟೆವು. ಇದಕ್ಕೆ ಇಬ್ಬರಿದ್ದರೆ ಒಳ್ಳೆಯದು. ಮೊದಲು ಎಲ್ಲ ಬೋಲ್ಟನ್ನೂ ಬೆರಳಲ್ಲೇ ತಿರುಗಿಸಿ ತಾಗಿಸಿ, ಆಮೇಲೆ ನಡುವಿನಿಂದ ಶುರು ಮಾಡಿ, ಎಡಕ್ಕೊಂದು ಬಲಕ್ಕೊಂದು ಅಂತ ತುದಿಗಳ ಕಡೆಗೆ. ಒಂದು ತುದಿಯಿಂದ ಹೊರಟರೆ ತಗಡಿನ ಡೊಂಕೆಲ್ಲ ಇನ್ನೊಂದು ತುದಿಗೆ ಹೋಗಿ ಸೇರುತ್ತದೆ. ಮೊದಲ ಸುತ್ತು ಅರ್ಧ ಬಿಗಿ, ಎರಡನೆಯದು ಪೂರ್ತಿ. ಶಿಷ್ಯ ಸ್ಪ್ಯಾನರನ್ನು ಇನ್ನೊಮ್ಮೆ ಹಾಕಲು ಹೋದ. ಕೈ ಹಿಡಿದೆ.

ಡ್ರೈನ್ ನಟ್ಟಿನ ವಾಷರ್ ಹೊಸದು ಹಾಕಿ. ತಾಮ್ರದ್ದಾದರೆ ಹಳೆಯದನ್ನೇ ಒಲೆಯ ಮೇಲೆ ಕೆಂಪಗೆ ಕಾಯಿಸಿ ತಣ್ಣಗೆ ಮಾಡಿದರೆ ಮತ್ತೆ ಮೆತ್ತಗಾಗುತ್ತದೆ, ಇನ್ನೊಂದು ಬಾಳು ಬಾಳುತ್ತದೆ.

ಎಣ್ಣೆಯನ್ನು ತಕ್ಷಣ ಸುರಿಯಬಾರದು. ಸಿಲಿಕಾನ್ ಒಣಗುವುದು ಅಂತ ಬಾಯಲ್ಲಿ ಹೇಳುತ್ತೇವೆ, ಅದು ಬಟ್ಟೆ ಒಣಗಿದ ಹಾಗಲ್ಲ. ಗಾಳಿಯಲ್ಲಿರುವ ತೇವವನ್ನು ಹೀರಿಕೊಂಡು ಗಟ್ಟಿಯಾಗುತ್ತದೆ, ಹೊರಗಿನಿಂದ ಒಳಕ್ಕೆ, ದಿನಕ್ಕೆ ಎರಡು ಮೂರು ಮಿಲಿಮೀಟರಿನಂತೆ. ಹತ್ತು ಹದಿನೈದು ನಿಮಿಷದಲ್ಲಿ ಮೇಲೆ ಕೆನೆ ಕಟ್ಟಿದ್ದು ನೋಡಿ ಆಯಿತು ಅಂದುಕೊಳ್ಳುತ್ತಾರೆ. ಒಳಗೆ ಇನ್ನೂ ಹಸಿ. ಒಂದು ದಿನ ಬಿಡಿ. ಕಾರ್ಕ್ ಹಾಕಿದವರು ಮಾತ್ರ ಹಾಗೆ ಕಾಯಬೇಕಾಗಿಲ್ಲ. ಅವರು ನಾಲ್ಕು ದಿನ ಓಡಿಸಿ, ಕಾರ್ಕ್ ಕೂತ ಮೇಲೆ, ಎಂಜಿನ್ ತಣ್ಣಗಿರುವಾಗ ಬೋಲ್ಟುಗಳನ್ನು ಒಮ್ಮೆ ಮುಟ್ಟಿ ನೋಡಬೇಕು. ಸಿಲಿಕಾನ್ ಹಾಕಿದವರು ಹಾಗೆ ಮುಟ್ಟಲೇಬಾರದು, ಗಟ್ಟಿಯಾದದ್ದು ಬಿರುಕು ಬಿಡುತ್ತದೆ.

ಮಂಗಳವಾರ ಸಂಜೆ ಹೊಸ ಎಣ್ಣೆ ಹಾಕಿ, ಕಡ್ಡಿಯಲ್ಲಿ ಮಟ್ಟ ನೋಡಿ, ರಿಂಗ್ ರಸ್ತೆಯಲ್ಲಿ ಒಂದು ಸುತ್ತು ಹೋಗಿ ಬಂದೆವು. ರಾತ್ರಿ ಗಾಡಿಯ ಕೆಳಗೆ ಹಿಂದಿನ ದಿನದ ಪೇಪರನ್ನು ಅಗಲವಾಗಿ ಹಾಸಿದೆ. ಬೆಳಗ್ಗೆ ಅವನು ಆರು ಗಂಟೆಗೇ ಬಂದ. ಪೇಪರ್ ಎಳೆದೆವು. ಚೇಂಬರಿನ ಕೆಳಗಿನ ಪುಟ ಓದುವ ಹಾಗಿತ್ತು. ಆದರೆ ಒಂದು ಪಕ್ಕದಲ್ಲಿ, ಕ್ರೀಡಾ ಪುಟದ ಮೇಲೆ, ಕಾಸಗಲ ಒಂದೇ ಒಂದು ತೊಟ್ಟು.

“ಸಾರ್, ಇನ್ನೂ ಸೋರ್ತಿದೆ” ಅಂದ. ನಾವು ಹಾಕಿದ ಹೊಸ ಎಣ್ಣೆಯೂ ಜೇನಿನ ಬಣ್ಣ, ಈ ತೊಟ್ಟೂ ಜೇನಿನ ಬಣ್ಣ. ಬೆರಳಿಗೆ ತೆಗೆದು ಮೂಸಿ ನೋಡು ಅಂದೆ. ಮೂಸಿ ಮುಖ ಸಿಂಡರಿಸಿದ. ಗಂಧಕದ ವಾಸನೆ. ಎಂಜಿನ್ ಎಣ್ಣೆಗೆ ಆ ವಾಸನೆ ಇರುವುದಿಲ್ಲ, ಗೇರ್ ಆಯಿಲಿಗೆ ಇರುತ್ತದೆ. ತೊಟ್ಟು ಗೇರ್ ಬಾಕ್ಸಿನದು.

ಅದಕ್ಕೆ ಇನ್ನೊಂದು ಭಾನುವಾರ ಗೊತ್ತು ಮಾಡಿದ್ದೇವೆ. ಅಲ್ಲಿಯವರೆಗೆ ಗಾಡಿ ನಮ್ಮ ಗೇಟಿನ ಒಳಗೇ ನಿಲ್ಲುತ್ತದೆ ಎಂದು ಎದುರು ಮನೆಯ ಅಮ್ಮನವರಿಗೆ ಹೇಳಿ ಬಂದಿದ್ದೇನೆ.